ಬಾಡಿಗೆ ಕಟ್ಟಲಾಗದ ಪ್ರೀತಿ

ಗಿಲ್ಬರ್ಟ್ ಸಾಯೋದು ಪ್ಯಾರಿಸ್ಸಿನಲ್ಲಿ, ಕುದುರೆಗಾಡಿಯ ಚಕ್ರಕ್ಕೆ ಸಿಕ್ಕಿ. ಕೊನೆಯನ್ನ ಮೊದಲೇ ಹೇಳಿಬಿಟ್ಟೆ ಅಂತ ಬೈಬೇಡಿ, ಈ ಕಥೆ ಮುಗಿದು ನಲವತ್ತು ವರ್ಷ ದಾಟಿದೆ. ಅಲ್ಲದೆ ಅವನನ್ನು ಕೊಂದದ್ದು ಗಾಡಿ ಅನ್ನೋದು ಒಂದು ನೆಪ ಅಷ್ಟೇ. ಅದಕ್ಕೂ ಮುಂಚೆ ಅಫೀಮು ಇತ್ತು. ಅಫೀಮಿಗೂ ಮುಂಚೆ ಬೀದಿ ಇತ್ತು. ಬೀದಿಗೂ ಮುಂಚೆ ಒಂದು ಪುಟ್ಟ ಕೋಣೆ, ಅದಕ್ಕೆ ತಿಂಗಳು ತಿಂಗಳು ಕಟ್ಟಬೇಕಾದ ಬಾಡಿಗೆ. ಅವನನ್ನು ಪ್ರೀತಿಸಿ, ಮನೆ ಮಠ ಬಿಟ್ಟು ಜೊತೆಗೆ ಓಡಿಬಂದ ಸೆರ್ಜ್, ವೈಕೌಂಟ್ ಮನೆತನದ ಹುಡುಗ, ಹೊಟ್ಟೆಪಾಡಿಗೆ ಸಿಕ್ಕ ಕೆಲಸ ಮಾಡ್ತಾನೆ. ಗಿಲ್ಬರ್ಟ್‌ಗೆ ಕೆಲಸ ಅಂದರೇನು ಅಂತಲೇ ಯಾರೂ ಕಲಿಸಿರಲಿಲ್ಲ.

ಇದು ‘ಕಾಜೆ ತೊ ಕಿ ನೊ ಉತಾ’. ಗಾಳಿ ಮತ್ತು ಮರದ ಹಾಡು ಅಂತ ಅರ್ಥ. ಕೇಕೊ ತಾಕೆಮಿಯಾ ಅನ್ನೋ ಜಪಾನಿ ಹೆಣ್ಣುಮಗಳು 1976ರಿಂದ 1984ರವರೆಗೆ ಬರೆದು, ಚಿತ್ರಿಸಿ, ಹುಡುಗಿಯರ ಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬಂದ ಮಾಂಗಾ. ಇವತ್ತು ಬಾಯ್ಸ್ ಲವ್, ಚಿಕ್ಕದಾಗಿ ಬಿಎಲ್, ಅಂತ ಕರೆಯೋ ಪ್ರಕಾರದ ಅಜ್ಜಿ ಅನ್ನಬಹುದು. ಗಂಡಸರಿಬ್ಬರ ಪ್ರೇಮಕಥೆ. ಬರೆಯೋರು ಹೆಚ್ಚಾಗಿ ಹೆಂಗಸರು, ಓದೋರೂ ಹೆಚ್ಚಾಗಿ ಹೆಂಗಸರು.

ನಮ್ಮ ಆಫೀಸಿನ ಹುಡುಗಿಯೊಬ್ಬಳು ಹಸಿರು ಲೈನಿನ ಮೆಟ್ರೋದಲ್ಲಿ ದಿನಾ ಇದನ್ನೇ ಓದ್ತಾಳೆ. ಮೆಜೆಸ್ಟಿಕ್‌ನಿಂದ ಚಿಕ್ಕಪೇಟೆ ಸ್ಟೇಷನ್ ದಾಟಿ ಮಾರ್ಕೆಟ್ ಬರುವಷ್ಟರಲ್ಲಿ ಒಂದು ಅಧ್ಯಾಯ ಮುಗಿಯುತ್ತಂತೆ. ತಲೆಯ ಮೇಲೆ ಬಳೇಪೇಟೆ, ಅದರ ಬಳೆ ಅಂಗಡಿ, ತಬಲಾ ಹಾರ್ಮೋನಿಯಂ ಅಂಗಡಿ, ಮದುವೆ ಸೀರೆಯ ಜನಜಂಗುಳಿ. ಕೆಳಗೆ ಸುರಂಗದಲ್ಲಿ ಈ ಹುಡುಗಿಯ ಫೋನಿನೊಳಗೆ ಎಡೋ ಕಾಲದ ಇಬ್ಬರು ಗಂಡಸರು ಒಂದೇ ಕೊಡೆಯಡಿ ನಡೀತಾ ಇದ್ದಾರೆ. ‘ಇದರಲ್ಲಿ ನಿನಗೇನಮ್ಮ ಸಿಗುತ್ತೆ?’ ಅಂತ ಕೇಳಿದ್ದಕ್ಕೆ ಅವಳು ಹೇಳಿದ್ದು ಇಷ್ಟು: ‘ಸರ್, ಇದರಲ್ಲಿ ಯಾರಿಗೂ ಗಂಡು ನೋಡಕ್ಕೆ ಬರಲ್ಲ.’

ಈ ಉತ್ತರದಲ್ಲಿ ಅರ್ಧ ಇತಿಹಾಸ ಇದೆ. ಇನ್ನರ್ಧ ದುಡ್ಡಿನದು. ಬಿಎಲ್ ಬಗ್ಗೆ ಬರೆಯೋರು ಮೊದಲರ್ಧವನ್ನ ಬೇಕಾದಷ್ಟು ಬರೆದಿದ್ದಾರೆ. ನನಗೆ ಕುತೂಹಲ ಎರಡನೆಯದರ ಮೇಲೆ.

ಮೊದಲು ಆ ಮನೆಯ ಕಥೆ. 1970ರಲ್ಲಿ ಟೋಕಿಯೊದ ನೆರಿಮಾ ವಾರ್ಡಿನ ಓಯಿಜುಮಿ ಅನ್ನೋ ಕಡೆ ಒಂದು ಹಳೇ ಮನೆಯಲ್ಲಿ ಇಬ್ಬರು ಹುಡುಗಿಯರು ಬಾಡಿಗೆಗೆ ಸೇರಿಕೊಂಡರು. ಒಬ್ಬಳು ತಾಕೆಮಿಯಾ, ತೊಕುಶಿಮಾದವಳು. ಇನ್ನೊಬ್ಬಳು ಮೊತೊ ಹಾಗಿಯೊ, ಫುಕುಒಕಾದ ಗಣಿ ಊರಿನವಳು. ಇಬ್ಬರಿಗೂ ಇಪ್ಪತ್ತು, ಇಪ್ಪತ್ತೊಂದು. ನಮ್ಮೂರಿಗೆ ಕೆಲಸಕ್ಕೆ ಬಂದು ಪಿಜಿಯಲ್ಲಿ ರೂಮ್ ಶೇರ್ ಮಾಡೋ ಹುಡುಗಿಯರ ಹಾಗೇ ಅಂದುಕೊಳ್ಳಿ. ಹತ್ತಿರದಲ್ಲೇ ನೊರಿಯೆ ಮಸುಯಾಮಾ ಅನ್ನೋ ಗೆಳತಿಯ ಮನೆ. ಅವಳು ಚಿತ್ರ ಬರೆಯೋಳಲ್ಲ, ಓದೋಳು. ಹರ್ಮನ್ ಹೆಸ್ಸೆ, ಯುರೋಪಿನ ಸಂಗೀತ, ಹುಡುಗರ ಬೋರ್ಡಿಂಗ್ ಶಾಲೆಯ ಸಿನಿಮಾ, ಎಲ್ಲವನ್ನೂ ಇವರಿಗೆ ಹಚ್ಚಿದವಳು ಅವಳೇ. ಆ ಮನೆಗೆ ಬೇರೆ ಚಿತ್ರಗಾರ್ತಿಯರೂ ಬಂದು ಹೋಗ್ತಿದ್ದರು. ಬಹಳ ಮಂದಿ ಹುಟ್ಟಿದ್ದು 1949ರ ಆಸುಪಾಸಿನಲ್ಲಿ. ಜಪಾನಿನ ಲೆಕ್ಕದಲ್ಲಿ ಅದು ಶೋವಾ 24ನೇ ವರ್ಷ. ಹಾಗಾಗಿ ಅವರಿಗೆ ‘24ನೇ ವರ್ಷದ ಗುಂಪು’ ಅಂತಲೇ ಹೆಸರಾಯ್ತು. 1972ರಲ್ಲಿ ಇವರಲ್ಲಿ ಕೆಲವರು ಸೈಬೀರಿಯಾದ ರೈಲು ಹಿಡಿದು ಯುರೋಪ್ ಸುತ್ತಿ ಬಂದರು, ಸುಮಾರು 45 ದಿನ. ಬಾಗಿಲ ಚಿಲಕ ಹೇಗಿರುತ್ತೆ, ಕಿಟಕಿ ಯಾವ ಕಡೆಗೆ ತೆರೆಯುತ್ತೆ ಅಂತೆಲ್ಲ ಕಣ್ಣಾರೆ ನೋಡಿ ಬರೆಯೋ ಹಟ.

ಅದಕ್ಕೆ ಮುಂಚೆ ಹುಡುಗಿಯರ ಪತ್ರಿಕೆ ಅಂದರೆ ಸಂಪಾದಕರೆಲ್ಲ ಗಂಡಸರು. ಹುಡುಗಿಯರಿಗೆ ಏನು ಬೇಕು ಅನ್ನೋದು ಅವರಿಗೆ ಗೊತ್ತು ಅಂತ ಅವರ ನಂಬಿಕೆ. ತಾಕೆಮಿಯಾ ತನ್ನ ಗಿಲ್ಬರ್ಟನ ಕಥೆಯನ್ನ ಕಲ್ಪಿಸಿಕೊಂಡದ್ದು ಓಯಿಜುಮಿಯ ದಿನಗಳ ಹೊತ್ತಿಗೇ. ಅಚ್ಚಾಗಿದ್ದು 1976ರಲ್ಲಿ. ನಡುವೆ ಸಂಪಾದಕರು ಒಪ್ಪಲಿಲ್ಲ. ಅಲ್ಲಿಯ ಪತ್ರಿಕೆಗಳಲ್ಲಿ ಓದುಗರ ಮತದಾನ ಇರುತ್ತೆ. ಯಾವ ಕಥೆ ಎಷ್ಟನೇ ಸ್ಥಾನದಲ್ಲಿದೆ ಅನ್ನೋದರ ಮೇಲೆ ಲೇಖಕಿಯ ಮಾತಿಗೆ ಬೆಲೆ. ಹಾಗಾಗಿ ಆಕೆ ಮೊದಲು ಈಜಿಪ್ಟಿನ ರಾಜಕುಮಾರನ ಸಾಹಸಕಥೆಯೊಂದನ್ನ ಬರೆದು ಜನಪ್ರಿಯತೆ ಗಳಿಸಿ, ಆ ಬಲದಿಂದ ಗಿಲ್ಬರ್ಟನನ್ನ ಒಳಗೆ ತಂದಳು. ಪ್ರಮೋಷನ್‌ಗೆ ಬೇಕಾದ ಪ್ರಾಜೆಕ್ಟ್ ಮುಗಿಸಿಕೊಟ್ಟು ತನಗೆ ಬೇಕಾದ ಪ್ರಾಜೆಕ್ಟ್ ಕೇಳಿದ ಹಾಗೆ. ಹಾಗಿಯೊಳ ‘ತೋಮಾ ನೊ ಶಿಂಜೊ’, ಅಂದ್ರೆ ಥಾಮಸ್‌ನ ಹೃದಯ, ಅದಕ್ಕೂ ಎರಡು ವರ್ಷ ಮುಂಚೆ, 1974ರಲ್ಲೇ ಬಂದಿತ್ತು. ಶುರುವಿನಲ್ಲಿ ಮತದಾನದಲ್ಲಿ ಹಿಂದೆ ಬಿದ್ದು ನಿಂತೇ ಹೋಗುವಂತಾಗಿತ್ತು. ಅದೇ ಹೊತ್ತಿಗೆ ಆಕೆಯ ಇನ್ನೊಂದು ಕೃತಿ ಪುಸ್ತಕವಾಗಿ ಬಂದು ಕೆಲವೇ ದಿನದಲ್ಲಿ ಖಾಲಿಯಾದ್ದರಿಂದ ಬಚಾವಾಯ್ತು.

ಮುಂದೆ ಇಬ್ಬರ ಸ್ನೇಹ ಮುರಿಯಿತು. ಮನೆ ಖಾಲಿ ಮಾಡಿದರು. ಅರ್ಧ ಶತಮಾನದ ಮೇಲೆ ಇಬ್ಬರೂ ಬೇರೆ ಬೇರೆ ನೆನಪಿನ ಪುಸ್ತಕ ಬರೆದಿದ್ದಾರೆ. ಎರಡನ್ನೂ ಪಕ್ಕದಲ್ಲಿಟ್ಟರೆ ಒಂದೇ ಮನೆಯ ಎರಡು ಕಿಟಕಿಯಿಂದ ನೋಡಿದ ಹಾಗಿರುತ್ತೆ. ಅದು ಬೇರೆಯೇ ಕಥೆ, ಇನ್ನೊಮ್ಮೆ.

ಸರಿ, ಯಾಕೆ ಹುಡುಗರು? ಯಾಕೆ ಯುರೋಪ್? ಹಾಗಿಯೊ ‘ನವೆಂಬರ್ ಜಿಮ್ನೇಸಿಯಂ’ ಅನ್ನೋ ತನ್ನ 1971ರ ಕಥೆಯನ್ನ ಹುಡುಗಿಯರ ಶಾಲೆಯಲ್ಲಿಟ್ಟು ಬರೆಯಲು ನೋಡಿದಳು. ಕೈ ಓಡಲಿಲ್ಲ. ಹುಡುಗರ ಶಾಲೆಗೆ ಬದಲಾಯಿಸಿದ ಕೂಡಲೇ ಪಾತ್ರಗಳು ಬಾಯಿ ಬಿಟ್ಟು ಮಾತಾಡಿದವು. ಹುಡುಗಿ ಅಂದ ಕೂಡಲೇ ಬರೆಯುವವಳ ತಲೆಯೊಳಗೇ ಒಬ್ಬ ಅತ್ತೆ ಕೂತಿರುತ್ತಾಳೆ. ಹೀಗೆ ಕೂರಬೇಡ, ಹಾಗೆ ನಗಬೇಡ. ಹುಡುಗನಿಗೆ ಆ ಅತ್ತೆ ಇಲ್ಲ. ಪರದೇಶದ, ಹಿಂದಿನ ಶತಮಾನದ ಹುಡುಗನಿಗಂತೂ ನೆರೆಹೊರೆಯೂ ಇಲ್ಲ.

ಕನ್ನಡದಲ್ಲಿ ಏನಾಗ್ತಿತ್ತು ಆಗ? ಅದೇ 1976ರಲ್ಲಿ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಬಂತು. ಬಾಲವಿಧವೆಯೊಬ್ಬಳ ನೂರು ವರ್ಷದ ಬದುಕು, ಲೇಖಕಿಯ ಮನೆತನದ ಹಿರಿಯರೊಬ್ಬರದೇ ಕಥೆ. ಒಬ್ಬಳು ಹೇಳಲಾಗದ್ದನ್ನ ಹೇಳೋಕೆ ಪ್ರಾನ್ಸಿಗೆ ಹೋದಳು, ಇನ್ನೊಬ್ಬರು ತಮ್ಮ ಮನೆಯ ಅಟ್ಟಕ್ಕೇ ಹತ್ತಿದರು. ಯಾವುದು ಹೆಚ್ಚು ಅಂತ ತೂಗೋಕೆ ನಾನು ಹೋಗಲ್ಲ. ಆದರೆ ಇಬ್ಬರಿಗೂ ಒಂದು ವಿಷಯ ಗೊತ್ತಿತ್ತು: ಇವತ್ತಿನ ಮಾತನ್ನ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಈಗ ದುಡ್ಡಿನ ವಿಷಯಕ್ಕೆ ಬರೋಣ. ಈ ಹಳೇ ಮಾಂಗಾಗಳನ್ನ ಓದುವಾಗ ನನಗೆ ಆಶ್ಚರ್ಯ ಆಗಿದ್ದು ಏನಂದ್ರೆ, ಇಬ್ಬರೂ ಗಂಡು ಅನ್ನೋದು ಕಥೆಯ ದೊಡ್ಡ ಅಡ್ಡಿಯೇ ಅಲ್ಲ. ಅಡ್ಡಿ ಇರೋದು ಹುಟ್ಟಿನಲ್ಲಿ. ಸೆರ್ಜ್‌ನ ಅಪ್ಪ ವೈಕೌಂಟ್, ಅಮ್ಮ ರೋಮಾ ಜನಾಂಗದವಳು, ಅಂದರೆ ಆಗಿನವರು ಜಿಪ್ಸಿ ಅಂತ ಹೀಯಾಳಿಸುತ್ತಿದ್ದವರು. ಮೇಲಾಗಿ ಪ್ಯಾರಿಸ್ಸಿನ ವೇಶ್ಯೆಯಾಗಿದ್ದವಳು. ಹುಡುಗನಿಗೆ ಬಿರುದು ಇದೆ, ಮೈಬಣ್ಣ ಕಪ್ಪು. ಶಾಲೆಯಲ್ಲಿ ಅವನನ್ನು ಯಾವ ಬೆಂಚಿನಲ್ಲಿ ಕೂರಿಸಬೇಕು ಅನ್ನೋದೇ ಜನಕ್ಕೆ ತಿಳಿಯಲ್ಲ. ಗಿಲ್ಬರ್ಟನದು ಉಲ್ಟಾ. ಶ್ರೀಮಂತ ಮನೆ, ಬಂಗಾರದ ಕೂದಲು, ಆದರೆ ಆ ಮನೆಯಲ್ಲಿ ಅವನು ಮಗನಲ್ಲ, ಒಡೆಯನಿಗೆ ಸೇರಿದ ಒಂದು ಸಾಮಾನು. ಮನೆಯ ಹಿರಿಯನೇ ಅವನ ಮೇಲೆ ನಡೆಸುವ ದೌರ್ಜನ್ಯವನ್ನ ತಾಕೆಮಿಯಾ ಮುಚ್ಚಿಡಲಿಲ್ಲ. ಕೆಲವು ಪುಟ ಇವತ್ತು ನೋಡಿದರೆ ಹೊಟ್ಟೆ ತೊಳಸುತ್ತೆ, ಆ ಕಾಲದಲ್ಲಿ ಹೀಗೆಲ್ಲ ನಡೀತಿತ್ತು ಅಂತ ತಳ್ಳಿಹಾಕೋಕೆ ನನ್ನಿಂದಾಗಲ್ಲ. ಆದರೆ ದುಡ್ಡಿದ್ದವನ ಮನೆಯೊಳಗೆ ಏನು ನಡೆದರೂ ಹೊರಗೆ ಬರಲ್ಲ ಅನ್ನೋ ಸತ್ಯವನ್ನ ಹುಡುಗಿಯರ ಪತ್ರಿಕೆಯೊಂದು ಅಷ್ಟು ಸ್ಪಷ್ಟವಾಗಿ ಹೇಳಿದ್ದೂ ನಿಜ.

ಹಾಗಿಯೊಳ ಥಾಮಸ್ ಕಥೆಯಲ್ಲೂ ಅಷ್ಟೇ. ಜರ್ಮನಿಯ ಶಾಲೆಯ ಮಾದರಿ ವಿದ್ಯಾರ್ಥಿ ಜೂಲಿಯ ಅಪ್ಪ ದಕ್ಷಿಣದ ಕಡೆಯವನು, ಹುಡುಗನ ಕೂದಲು ಕಪ್ಪು. ಅಜ್ಜಿಗೆ ಅದೇ ತಾತ್ಸಾರ. ಆ ಹುಡುಗ ಮೊದಲ ರ‍್ಯಾಂಕ್ ಬಿಡಲ್ಲ, ನಗಲ್ಲ, ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲ್ಲ. ಅಜ್ಜಿಗೆ ತೋರಿಸಬೇಕಲ್ಲ! ಕ್ಯಾಂಪಸ್ ಇಂಟರ್‌ವ್ಯೂಗೆ ಹಳ್ಳಿಯಿಂದ ಬಂದ ಟಾಪರ್‌ಗಳನ್ನ ನೋಡಿದವರಿಗೆ ಜೂಲಿ ಥಟ್ಟನೆ ಗುರುತು ಸಿಗ್ತಾನೆ. ಅದೇ ಕಾಲದಲ್ಲಿ ರಿಯೊಕೊ ಇಕೆದಾ ಬರೆದ ‘ವರ್ಸೈಲ್ಸ್‌ನ ಗುಲಾಬಿ’ಯಲ್ಲೂ, ಗಂಡಾಗಿ ಬೆಳೆದ ಹೆಣ್ಣು ಆಸ್ಕರ್‌ಗೂ ಅವಳ ಮನೆಯ ದಾದಿಯ ಮೊಮ್ಮಗ ಆಂದ್ರೆಗೂ ನಡುವೆ ನಿಂತದ್ದು ವರ್ಗವೇ. ಒಂದು ರಾಜಮನೆತನವೇ ಅಲುಗಾಡಬೇಕಾಯ್ತು ಅವರಿಬ್ಬರು ಒಂದಾಗೋಕೆ.

ಇದು 1970ರ ದಶಕದಲ್ಲಿ ಹೊಸದಾಗಿ ಹುಟ್ಟಿದ್ದು ಅಂತ ಅಂದುಕೊಳ್ಳಬೇಡಿ. ಇಹಾರಾ ಸೈಕಾಕು 1687ರಲ್ಲೇ ಗಂಡಸರ ಪ್ರೇಮದ ನಲವತ್ತು ಕಥೆಗಳ ಪುಸ್ತಕ ತಂದಿದ್ದ, ‘ನಾನ್‌ಶೊಕು ಓಕಾಗಾಮಿ’. ಮೊದಲರ್ಧ ಪೂರಾ ಸಮುರಾಯ್‌ಗಳದ್ದು. ಅಲ್ಲಿ ಪ್ರೀತಿ ಅಂದರೆ ಮಾನ, ಮಾತು, ಕತ್ತಿ. ಎರಡನೇ ಅರ್ಧ ಕಬುಕಿ ನಾಟಕದ ನಟರದ್ದು. ಅಲ್ಲಿ ಪ್ರೀತಿಗೆ ರೇಟು ಇದೆ. ಸೈಕಾಕು ಇದ್ದದ್ದು ಒಸಾಕಾದಲ್ಲಿ, ಹುಟ್ಟಿನಿಂದ ಪೇಟೆಯ ವ್ಯಾಪಾರಿ ವರ್ಗದವನು. ಆಗಿನ ಜಪಾನಿನ ನಾಲ್ಕು ಮೆಟ್ಟಿಲಿನಲ್ಲಿ ವ್ಯಾಪಾರಿ ಕೊನೇ ಮೆಟ್ಟಿಲು. ಸಮುರಾಯ್, ರೈತ, ಕುಶಲಕರ್ಮಿ, ಆಮೇಲೆ ಇವನು. ಆದರೆ ಸಮುರಾಯ್‌ಗೆ ಸಾಲ ಕೊಡೋನು ಇವನೇ. ಅಂಥವನು ಒಂದು ಕಣ್ಣಿನಲ್ಲಿ ಸಮುರಾಯ್‌ನ ಗತ್ತಿಗೆ ಮನಸೋತು, ಇನ್ನೊಂದು ಕಣ್ಣಿನಲ್ಲಿ ಲೆಕ್ಕದ ಪುಸ್ತಕ ನೋಡ್ತಾ ಬರೆದ ಕಥೆಗಳು ಅವು.

ಬಳೇಪೇಟೆಯಲ್ಲಿ ನಿಂತು ಓದಿದರೆ ಇದು ತೀರಾ ದೂರದ್ದು ಅನಿಸಲ್ಲ. ಹಳೇ ಬೆಂಗಳೂರಿನ ಪೇಟೆ ಅಂದರೆ ಕಸುಬಿನ ನಕ್ಷೆ. ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ತಿಗಳರಪೇಟೆ. ಬೀದಿಯ ಹೆಸರು ಹೇಳಿದರೆ ಸಾಕು, ಯಾರ ಮನೆ, ಯಾರ ಕೈಯಲ್ಲಿ ಏನು ಕೆಲಸ, ಯಾರು ಯಾರ ಮನೆಯಲ್ಲಿ ನೀರು ಕುಡೀತಾರೆ ಎಲ್ಲಾ ಗೊತ್ತಾಗ್ತಿತ್ತು. ಪ್ರೀತಿ ಬೀದಿ ದಾಟಬೇಕಾದರೆ ಅಂಗಡಿ, ಜಾತಿ, ಸಾಲ ಮೂರನ್ನೂ ದಾಟಬೇಕು.

ನಟರ ವಿಷಯವೂ ಅಷ್ಟೇ. ಜಪಾನಿನ ಸರ್ಕಾರ 1629ರಲ್ಲಿ ಹೆಂಗಸರು ಕಬುಕಿ ರಂಗ ಹತ್ತೋದನ್ನ ನಿಷೇಧಿಸಿತು, 1652ರಲ್ಲಿ ಎಳೆಯ ಹುಡುಗರ ತಂಡಗಳನ್ನೂ ನಿಲ್ಲಿಸಿತು. ಆಮೇಲೆ ಹೆಣ್ಣುಪಾತ್ರವೆಲ್ಲ ದೊಡ್ಡ ಗಂಡಸರ ಪಾಲಿಗೆ ಬಂತು. ಸಮಾಜದ ಲೆಕ್ಕದಲ್ಲಿ ನಟ ನಾಲ್ಕು ಮೆಟ್ಟಿಲಿನಿಂದಲೂ ಆಚೆ. ಆದರೆ ಅವನ ಸೀರೆಯ ಬಣ್ಣ, ಅಂದರೆ ಕಿಮೊನೊದ ಬಣ್ಣ, ಊರ ಹೆಂಗಸರೆಲ್ಲ ಉಡ್ತಿದ್ದರು. ನಮ್ಮಲ್ಲಿ ಬಾಲಗಂಧರ್ವ ಇರಲಿಲ್ಲವೇ? ಮರಾಠಿ ರಂಗಭೂಮಿಯ ಆ ಮಹಾನಟನ ಹೆಣ್ಣುವೇಷ ನೋಡಿ ಸೀರೆ ಉಡೋದು, ಹೂ ಮುಡಿಯೋದು ಕಲಿತ ಹೆಂಗಸರ ಕಥೆ ಧಾರವಾಡ ಬೆಳಗಾವಿ ಕಡೆ ಹಿರಿಯರ ಬಾಯಲ್ಲಿ ಇನ್ನೂ ಇದೆ. ಹಳೇ ಮೈಸೂರಿನ ಕಂಪನಿ ನಾಟಕಗಳಲ್ಲೂ ಬಹಳ ಕಾಲ ಸೀತೆ, ದ್ರೌಪದಿ ಎಲ್ಲ ಗಂಡಸರೇ. ಗುಬ್ಬಿ ವೀರಣ್ಣನವರಂಥವರು ನಟಿಯರನ್ನ ರಂಗಕ್ಕೆ ತಂದ ಮೇಲೆ ಅದು ಬದಲಾಯ್ತು. ಆ ಕಂಪನಿಗಳಿಗೆ ಹಾರ್ಮೋನಿಯಂ ಇಲ್ಲದೆ ಪರದೆಯೇ ಏಳ್ತಿರಲಿಲ್ಲ. ಆ ಹಾರ್ಮೋನಿಯಂ ಮಾಡೋ, ಮಾರೋ ಅಂಗಡಿಗಳು ಇವತ್ತೂ ಬಳೇಪೇಟೆಯಲ್ಲಿವೆ. ವೇಷ ಕಳಚಿದ ಮೇಲೆ ಆ ‘ಸೀತೆ’ಯರ ಬದುಕು ಹೇಗಿತ್ತು, ಯಾರು ಅವರನ್ನ ಮನೆಗೆ ಊಟಕ್ಕೆ ಕರೀತಿದ್ದರು, ಯಾರು ಬರೀ ಹಾರ ಹಾಕಿ ಕಳಿಸ್ತಿದ್ದರು ಅನ್ನೋದನ್ನ ನಮ್ಮ ರಂಗಭೂಮಿಯ ಇತಿಹಾಸ ಮೆಲ್ಲಗೆ ದಾಟಿಕೊಂಡು ಹೋಗುತ್ತೆ.

ಜಪಾನಿನಲ್ಲಿ ಹಾಗೆ ದಾಟಿಹೋಗಲಿಲ್ಲ. 1975ರ ಡಿಸೆಂಬರ್‌ನಲ್ಲಿ ಟೋಕಿಯೊದಲ್ಲಿ ಮೊದಲ ಕಾಮಿಕ್ ಮಾರ್ಕೆಟ್ ನಡೀತು. ತಾವೇ ಬರೆದು ತಾವೇ ಅಚ್ಚು ಹಾಕಿದ ಪುಸ್ತಕ ಮಾರೋ ಸಂತೆ. 32 ಗುಂಪು, ಸುಮಾರು 700 ಜನ, ಹೆಚ್ಚಿನವರು ಶಾಲೆ ಕಾಲೇಜಿನ ಹುಡುಗಿಯರು. 1978ರಲ್ಲಿ ಈ ಪ್ರಕಾರಕ್ಕೇ ಮೀಸಲಾದ ‘ಜೂನ್’ ಅನ್ನೋ ಪತ್ರಿಕೆ ಬಂತು. ತೊಂಬತ್ತರ ದಶಕದಲ್ಲಿ ಬಾಯ್ಸ್ ಲವ್ ಅನ್ನೋ ಹೆಸರು ಗಟ್ಟಿಯಾಗಿ, ಅದೊಂದು ದೊಡ್ಡ ವ್ಯಾಪಾರವೇ ಆಯ್ತು. ವ್ಯಾಪಾರ ಆದ ಮೇಲೆ ಗೊತ್ತಲ್ಲ, ಕಂಪನಿ ಪ್ರೆಸಿಡೆಂಟ್ ಮತ್ತು ಹೊಸ ಗುಮಾಸ್ತ, ಪ್ರಿನ್ಸ್ ಮತ್ತು ಸೇವಕ ಅಂತ ವರ್ಗಭೇದವೇ ಒಂದು ಒಗ್ಗರಣೆ ಸಾಮಾನಾಗಿಬಿಟ್ಟಿತು. ನೂರಕ್ಕೆ ತೊಂಬತ್ತು ಪುಸ್ತಕದಲ್ಲಿ ಬಡವನ ಬಡತನ ಮೂರನೇ ಅಧ್ಯಾಯದಲ್ಲಿ ಮಾಯ. ಶ್ರೀಮಂತ ಕಾರ್ ಬಾಗಿಲು ತೆಗೀತಾನೆ, ಮುಗೀತು. ನಮ್ಮ ಎಪ್ಪತ್ತರ ದಶಕದ ಸಿನಿಮಾ ಥರಾನೇ. ಇದನ್ನೆಲ್ಲ ನಾನು ಬೇಜಾರಿಲ್ಲದೆ ಬಿಟ್ಟುಬಿಡ್ತೀನಿ.

ಬಿಡಲಾಗದ್ದು ಸಾವಾ ಸಾಕುರಾ ಬರೆಯುತ್ತಿರುವ ‘ಮೊಮೊ ತೊ ಮಾಂಜಿ’. ಎಡೋ ಕಾಲದ ಕೊನೆಗಾಲ. ಮಾಂಜಿ ಬೆಂಕಿ ಆರಿಸೋ ದಳದಲ್ಲಿದ್ದವನು, ಮೈತುಂಬ ಹಚ್ಚೆ. ಮೊಮೊ ಒಂದು ಕಾಲದಲ್ಲಿ ಗಂಡಸರಿಗೆ ಮೈ ಮಾರುವ ಮನೆಯಲ್ಲಿದ್ದು ಹೊರಬಂದವನು. ಇಬ್ಬರೂ ವಠಾರದ ಒಂದು ಕೋಣೆಯಲ್ಲಿ ಸಂಸಾರ ಹೂಡಿದ್ದಾರೆ. ವಠಾರ ಅಂದೆ, ಬೇಕಂತಲೇ. ಜಪಾನಿಯಲ್ಲಿ ನಾಗಾಯಾ ಅಂತಾರೆ: ಉದ್ದ ಸಾಲು ಮನೆ, ನಡುವೆ ತೆಳ್ಳನೆ ಗೋಡೆ, ಎಲ್ಲರಿಗೂ ಒಂದೇ ಬಾವಿ. ಚಾಮರಾಜಪೇಟೆ, ಬಳೇಪೇಟೆಯಲ್ಲಿ ಬೆಳೆದವರಿಗೆ ಇದನ್ನ ವಿವರಿಸೋದು ಬೇಡ. ಇಲ್ಲಿ ವೈಕೌಂಟ್ ಇಲ್ಲ, ಬೋರ್ಡಿಂಗ್ ಶಾಲೆ ಇಲ್ಲ. ಅಕ್ಕಿ ಎಷ್ಟಿದೆ, ಚಳಿಗೆ ಹೊದಿಕೆ ಇದೆಯಾ, ಪಕ್ಕದ ಮನೆಯವಳು ಏನಂದುಕೊಂಡಳು ಅನ್ನೋದು ಇದೆ. 2019ರಲ್ಲಿ ಇದಕ್ಕೆ ಜಪಾನ್ ಮೀಡಿಯಾ ಆರ್ಟ್ಸ್ ಫೆಸ್ಟಿವಲ್‌ನ ಮಾಂಗಾ ವಿಭಾಗದ ಪುರಸ್ಕಾರ ಬಂತು. ಬಿಎಲ್ ಕೃತಿಯೊಂದಕ್ಕೆ ಆ ಗೌರವ ಬಂದದ್ದು ಅದೇ ಮೊದಲು. ಐದು ದಶಕದಲ್ಲಿ ಈ ಪ್ರಕಾರ ಫ್ರಾನ್ಸಿನ ಅರಮನೆಯಿಂದ ತನ್ನ ಊರಿನ ವಠಾರಕ್ಕೆ ಇಳಿದು ಬಂತು. ನನ್ನ ಮಟ್ಟಿಗೆ ಇದು ಏರಿಕೆ.

ಕನ್ನಡದಲ್ಲಿ ಈ ದಾರಿ ಹೇಗಿದೆ? ವಿಚಿತ್ರವಾಗಿದೆ. ಬಳೇಪೇಟೆಯಿಂದ ನಡೆದೇ ಹೋಗಬಹುದಾದ ಜೆ.ಸಿ. ರಸ್ತೆಯಲ್ಲಿ ಕೆ.ವಿ. ಅಯ್ಯರ್ ಅವರ ವ್ಯಾಯಾಮಶಾಲೆ ಇತ್ತು. ದೇಶದಲ್ಲೇ ಹೆಸರಾಗಿದ್ದ ದೇಹದಾರ್ಢ್ಯ ಪಟು. ಗಂಡಸಿನ ಮೈಯ ಅಂದದ ಬಗ್ಗೆ ಸ್ವಲ್ಪವೂ ಸಂಕೋಚವಿಲ್ಲದೆ, ತಮ್ಮ ಮೈಯ ಬಗ್ಗೆ ಇನ್ನೂ ಸಂಕೋಚವಿಲ್ಲದೆ, ಇಂಗ್ಲಿಷಿನಲ್ಲಿ ಪುಸ್ತಕ ಬರೆದವರು. ಟಿ.ಪಿ. ಕೈಲಾಸಂ ಅವರ ಆಪ್ತರು. ಇಂಥ ಅಯ್ಯರ್ ಕನ್ನಡದಲ್ಲಿ ‘ರೂಪದರ್ಶಿ’ ಅನ್ನೋ ಕಾದಂಬರಿ ಬರೆದರು. ಇಟಲಿಯ ಕಲಾವಿದನೊಬ್ಬ ಬಾಲಯೇಸುವಿನ ಚಿತ್ರಕ್ಕೆ ಒಬ್ಬ ಮಗುವನ್ನ ಮಾದರಿಯಾಗಿ ಹುಡುಕಿ ತರ್ತಾನೆ. ಎಷ್ಟೋ ವರ್ಷದ ಮೇಲೆ ದ್ರೋಹಿ ಜುದಾಸನ ಮುಖಕ್ಕೆ ಮಾದರಿ ಹುಡುಕಿದರೆ ಸಿಕ್ಕವನು ಅದೇ ಮನುಷ್ಯ, ಕೆಟ್ಟು ಹಾಳಾಗಿ. ಕಲೆಯ ಇತಿಹಾಸದಲ್ಲಿ ಇದಕ್ಕೆ ಆಧಾರ ಇಲ್ಲ, ಹಳೇ ದಂತಕಥೆ. ಇದು ಪ್ರೇಮಕಥೆಯೂ ಅಲ್ಲ, ಹಾಗೆ ಓದಲೂಬಾರದು. ನಾನು ಇದನ್ನ ಎತ್ತಿದ್ದು ಬೇರೆ ಕಾರಣಕ್ಕೆ. ಬದುಕು ಒಂದು ಮುಖವನ್ನ ಏನು ಮಾಡಿಬಿಡುತ್ತೆ ಅಂತ ಕೇಳೋಕೆ ಬೆಂಗಳೂರಿನ ಲೇಖಕರೊಬ್ಬರು ತಾಕೆಮಿಯಾಗಿಂತ ಎಷ್ಟೋ ಮುಂಚೆ ಅದೇ ಯುರೋಪಿಗೆ, ಅದೇ ಹಿಂದಿನ ಶತಮಾನಗಳಿಗೆ ಹೋಗಿದ್ದರು. ಇಲ್ಲಿಯ ಮುಖಗಳ ಬಗ್ಗೆ ಬರೆಯುವಾಗ ಅವರೂ ‘ಶಾಂತಲಾ’ ಅಂತ ಹೊಯ್ಸಳರ ರಾಣಿಯ ಹತ್ತಿರ ಹೋದರು. ನಮ್ಮ ಐತಿಹಾಸಿಕ ಕಾದಂಬರಿಗೆ ಅರಮನೆ, ಕೋಟೆ ಅಂದರೆ ಬಹಳ ಪ್ರೀತಿ. ಮಾಸ್ತಿಯವರ ಕೊಡಗಿನ ದೊರೆ, ತ.ರಾ.ಸು. ಅವರ ಚಿತ್ರದುರ್ಗದ ನಾಯಕರು. ಬಳೆಗಾರ ಬಂದರೆ ಹಿನ್ನೆಲೆಯಲ್ಲಿ ಬಂದು ಹೋಗ್ತಾನೆ.

ಗಂಡಸರ ಪ್ರೀತಿ ನೇರವಾಗಿ ಕನ್ನಡದ ಮುಂಬಾಗಿಲಿಗೆ ಬಂದದ್ದು 2013ರಲ್ಲಿ, ವಸುಧೇಂದ್ರ ಅವರ ‘ಮೋಹನಸ್ವಾಮಿ’ಯಲ್ಲಿ. ಸಂಡೂರಿನವರು, ಸಾಫ್ಟ್‌ವೇರಿನಲ್ಲಿ ಬಹಳ ವರ್ಷ ದುಡಿದವರು. ತಾವೇ ಕಟ್ಟಿದ ಛಂದ ಪುಸ್ತಕದಿಂದ ಪ್ರಕಟಿಸಿದರು. ಅದೇ ವರ್ಷದ ಡಿಸೆಂಬರ್ 11ಕ್ಕೆ ಸುಪ್ರೀಂ ಕೋರ್ಟ್ 377ನೇ ಸೆಕ್ಷನ್ನನ್ನ ಮತ್ತೆ ಎತ್ತಿ ನಿಲ್ಲಿಸಿತು ಅನ್ನೋದನ್ನ ನೆನಪಿಡಿ. ಅದು ಬಿದ್ದದ್ದು 2018ರ ಸೆಪ್ಟೆಂಬರ್ 6ಕ್ಕೆ. ಮೋಹನಸ್ವಾಮಿ ನಮ್ಮ ನಿಮ್ಮ ಹಾಗೆ ಫ್ಲಾಟಿನಲ್ಲಿರೋನು. ಜೊತೆಗಿದ್ದ ಕಾರ್ತಿಕ್ ಒಂದು ದಿನ ಹೆಣ್ಣು ನೋಡಿ ಮದುವೆಯಾಗಿ ಹೋಗ್ತಾನೆ. ಗಿಲ್ಬರ್ಟ್ ಹಾಗೆ ಯಾರೂ ಗಾಡಿಗೆ ಸಿಕ್ಕಲ್ಲ. ಇಲ್ಲಿ ಪ್ರೀತಿಯನ್ನ ಮುಗಿಸೋಕೆ ಒಂದು ಲಗ್ನಪತ್ರಿಕೆ ಸಾಕು.

ಮೋಹನಸ್ವಾಮಿಗೆ ಒಂದು ಅನುಕೂಲ ಇದೆ, ಸಂಬಳ. ಪ್ರೀತಿ ಹೋದರೂ ಬಾಡಿಗೆ ಕಟ್ಟಬಲ್ಲ. ಪುಸ್ತಕದ ಕೊನೆಯ ಹೊತ್ತಿಗೆ ಕಿಲಿಮಂಜಾರೊ ಬೆಟ್ಟ ಹತ್ತಬಲ್ಲ. ಈ ಮಾತನ್ನ ವ್ಯಂಗ್ಯಕ್ಕೆ ಹೇಳ್ತಿಲ್ಲ, ಇದೇ ನಮ್ಮೂರಿನ ಇತಿಹಾಸ. 1994ರಲ್ಲಿ ‘ಗುಡ್ ಆ್ಯಸ್ ಯೂ’ ಅನ್ನೋ ಗುಂಪು ಬೆಂಗಳೂರಿನಲ್ಲಿ ವಾರಕ್ಕೊಮ್ಮೆ ಸೇರೋಕೆ ಶುರು ಮಾಡಿತು. ಇಂಗ್ಲಿಷ್ ಬಲ್ಲವರಿಗೆ ಬಾಯಿಬಿಟ್ಟು ಮಾತಾಡೋಕೆ ಒಂದು ಜಾಗ ಸಿಕ್ಕಿತು. ಕನ್ನಡ, ತಮಿಳು, ತೆಲುಗು ಮಾತ್ರ ಗೊತ್ತಿದ್ದ, ಹೋಟೆಲು ಗಾರ್ಮೆಂಟ್ಸ್‌ನಲ್ಲಿ ದುಡೀತಿದ್ದವರಿಗೆ ಪಾರ್ಕು, ಬಸ್ ಸ್ಟ್ಯಾಂಡೇ ಜಾಗ. ಅಲ್ಲಿ ಕಾಯ್ತಿದ್ದದ್ದು ಪೊಲೀಸ್ ಲಾಠಿ. 1999ರಲ್ಲಿ ಶುರುವಾದ ‘ಸಂಗಮ’ ಅವರ ಜೊತೆ ಕೆಲಸ ಮಾಡಿತು. 2001ರಲ್ಲಿ ಪಿಯುಸಿಎಲ್ ಕರ್ನಾಟಕ ಘಟಕ ಬೆಂಗಳೂರಿನಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಮೇಲೆ ನಡೆಯುತ್ತಿದ್ದ ದೌರ್ಜನ್ಯದ ಬಗ್ಗೆ ವರದಿ ತಂದಿತು. ಅದನ್ನ ಓದಿದರೆ 377 ಎಲ್ಲರಿಗೂ ಒಂದೇ ಕಾನೂನಾಗಿರಲಿಲ್ಲ ಅನ್ನೋದು ಕಣ್ಣಿಗೆ ಹೊಡೆಯುತ್ತೆ. ಬಾಗಿಲು ಹಾಕಿಕೊಳ್ಳಲು ಮನೆಯಿದ್ದವನಿಗೆ ಅದು ಭಯ. ಇಲ್ಲದವನಿಗೆ ವಾರದ ಮಾಮೂಲಿ ಸುಲಿಗೆ.

ಇನ್ನೊಂದು ತಮಾಷೆ ನೋಡಿ. ಬೆಂಗಳೂರಿನಲ್ಲಿ ಗಂಡು ಹೆಣ್ಣು ಮದುವೆಯಾಗದೆ ಒಂದು ಮನೆ ಬಾಡಿಗೆಗೆ ಹಿಡಿಯೋದು ಕಷ್ಟ. ಇಬ್ಬರು ಗಂಡಸರು ಹೋಗಿ ಕೇಳಿದರೆ ಓನರ್ ಆಂಟಿ ‘ಬ್ಯಾಚುಲರ್ಸಾ? ಗಲಾಟೆ ಮಾಡಬಾರದು, ನೀರು ಜಾಸ್ತಿ ಬಿಡಬಾರದು’ ಅಂತ ಹೇಳಿ ಕೀ ಕೊಡ್ತಾರೆ. ಹತ್ತು ತಿಂಗಳ ಅಡ್ವಾನ್ಸ್ ಇದ್ದರೆ ಸಾಕು. ಸೆರ್ಜ್ ಮತ್ತು ಗಿಲ್ಬರ್ಟ್‌ಗೆ ಬೇಕಾಗಿದ್ದದ್ದೂ ಅಷ್ಟೇ. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಮದುವೆಯ ಹಕ್ಕು ಸಿಗಲಿಲ್ಲ, ಆದರೆ ಅಡ್ವಾನ್ಸ್ ಇದ್ದವರು ಹೇಗೋ ಇದ್ದಾರೆ. ಅಡ್ವಾನ್ಸ್ ಇಲ್ಲದವರ ಪ್ರೇಮಕಥೆ ಎಲ್ಲಿದೆ?

ವಸುಧೇಂದ್ರ ಆಮೇಲೆ 2019ರಲ್ಲಿ ‘ತೇಜೋ ತುಂಗಭದ್ರಾ’ ಬರೆದರು. ಲಿಸ್ಬನ್, ಗೋವಾ, ವಿಜಯನಗರ. ಐತಿಹಾಸಿಕ ಕಾದಂಬರಿ ಆದರೂ ನಡುಮನೆಯಲ್ಲಿ ಕೂತಿರೋರು ದೊರೆಗಳಲ್ಲ, ಸಾಮಾನ್ಯರು. ಬಡವ ಗೇಬ್ರಿಯಲ್‌ಗೂ ಅವನು ಪ್ರೀತಿಸಿದ ಬೆಲ್ಲಾಗೂ ನಡುವೆ ಧರ್ಮ ಇದೆ, ದುಡ್ಡಿದೆ, ಒಂದು ಸಮುದ್ರವೇ ಇದೆ. ನನ್ನ ಕಪಾಟಿನಲ್ಲಿ ಈ ಎರಡು ಪುಸ್ತಕ ಅಕ್ಕಪಕ್ಕ ಇವೆ. ಒಂದರಲ್ಲಿ ಗಂಡಸರ ಪ್ರೀತಿ, ಇನ್ನೊಂದರಲ್ಲಿ ಬಡವರ ಇತಿಹಾಸ. ಎರಡೂ ಸೇರಿದ ಮೂರನೇ ಪುಸ್ತಕಕ್ಕೆ ನಾನು ಜಾಗ ಬಿಟ್ಟುಕೊಂಡು ಕೂತಿದ್ದೀನಿ.

ಯಾರಾದರೂ ಬರೆಯೋದಾದರೆ ಒಂದು ಸಾಮಗ್ರಿ ಕೊಡ್ತೀನಿ. 1898ರ ಆಗಸ್ಟ್. ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟು ಗಲ್ಲಿಗಳಲ್ಲಿ ಇಲಿ ಬಿದ್ದವು, ಆಮೇಲೆ ಜನ ಬಿದ್ದರು. ಮನೆ ಖಾಲಿ ಮಾಡಿಸಿದರು, ಜನ ಊರಾಚೆ ಗುಡಿಸಲು ಹಾಕಿಕೊಂಡರು. ಸರ್ಕಾರ ಅದೇ ಹೊತ್ತಿಗೆ ದಕ್ಷಿಣಕ್ಕೆ ಬಸವನಗುಡಿ, ಉತ್ತರಕ್ಕೆ ಮಲ್ಲೇಶ್ವರ ಅಂತ ಎರಡು ಬಡಾವಣೆ ತೆಗೀತು. ಅಗಲ ರಸ್ತೆ, ಮನೆ ಹಿಂದೆ ಕನ್ಸರ್ವೆನ್ಸಿ ಗಲ್ಲಿ, ಗಾಳಿ ಬೆಳಕು. ಸೈಟುಗಳನ್ನ ಹಂಚಿದ್ದು ಜಾತಿ ಸಮುದಾಯ ನೋಡಿಕೊಂಡು. ಸರ್ಕಾರಿ ನೌಕರಿ, ಪಿಂಚಣಿ ಇದ್ದವರು ಹೋದರು. ಅಂಗಡಿಯೇ ಮನೆ, ಮನೆಯೇ ಅಂಗಡಿ ಆಗಿದ್ದವರು ಪೇಟೆಯಲ್ಲೇ ಉಳಿದರು. ನಾವಿವತ್ತು ‘ಹಳೇ ಬೆಂಗಳೂರು’ ಅಂತ ಒಂದೇ ಉಸಿರಿನಲ್ಲಿ ಹೇಳೋ ಬಳೇಪೇಟೆ ಮತ್ತು ಬಸವನಗುಡಿ ಬೇರೆ ಬೇರೆ ವರ್ಗಗಳ ಊರಾದದ್ದರಲ್ಲಿ ಆ ಪ್ಲೇಗಿನ ಪಾಲು ದೊಡ್ಡದು.

ಈಗ ಇಬ್ಬರು ಗಂಡಸರನ್ನ ಊಹಿಸಿಕೊಳ್ಳಿ, ಇಪ್ಪತ್ತೈದರ ಆಸುಪಾಸು. ಒಬ್ಬನ ಅಪ್ಪ ಅಠಾರಾ ಕಚೇರಿಯಲ್ಲಿ ಗುಮಾಸ್ತ, ಮಗ ಸೆಂಟ್ರಲ್ ಕಾಲೇಜಿನಲ್ಲಿ ಓದಿದವನು. ಇನ್ನೊಬ್ಬ ಬಳೇಪೇಟೆಯ ಬಳೆಗಾರರ ಮನೆಯವನು. ಪಕ್ಕಪಕ್ಕದ ಗಲ್ಲಿಯಲ್ಲಿ ಬೆಳೆದವರು. ಗೋಡೆ ತೆಳ್ಳಗಿತ್ತು, ಅದಕ್ಕೇ ಎಲ್ಲಾ ಶುರುವಾದದ್ದು. ಪ್ಲೇಗಿನ ಗುಡಿಸಲಿನಲ್ಲಿ ಒಂದೆರಡು ತಿಂಗಳು, ಜಾತಿ ಯಾರೂ ಕೇಳದ ಆ ಭಯದ ದಿನಗಳಲ್ಲಿ, ಒಟ್ಟಿಗಿದ್ದರು. ಆಮೇಲೆ ಗುಮಾಸ್ತರಿಗೆ ಬಸವನಗುಡಿಯಲ್ಲಿ ಸೈಟು ಸಿಕ್ಕಿತು. ನಡೆದರೆ ಒಂದು ಗಂಟೆಯ ದಾರಿ. ಆದರೆ ಹೋಗಿ ಏನಂತ ಬಾಗಿಲು ತಟ್ಟೋದು?

ಇಲ್ಲಿ ಬಳೆಗಾರನ ಕಸುಬು ನೆರವಿಗೆ ಬರುತ್ತೆ. ಆ ಕಾಲದಲ್ಲಿ ಯಾವ ಜಾತಿಯ, ಯಾವ ಅಂತಸ್ತಿನ ಮನೆಗಾದರೂ ಹೋಗಿ, ಜಗಲಿಯಲ್ಲಿ ಮಲಾರ ಇಳಿಸಿ ಕೂತು, ಆ ಮನೆಯ ಹೆಣ್ಣುಮಕ್ಕಳ ಕೈ ಹಿಡಿಯಬಹುದಾಗಿದ್ದ ಹೊರಗಿನ ಗಂಡಸು ಅವನೊಬ್ಬನೇ. ಹಬ್ಬಕ್ಕೆ, ಸೀಮಂತಕ್ಕೆ, ಮದುವೆಗೆ ಅವನು ಬರಲೇಬೇಕು. ಅವನಿಗೆ ಎಲ್ಲ ಬಾಗಿಲೂ ತೆರೆದಿತ್ತು, ಒಂದು ಕಾರಣಕ್ಕೆ ಮಾತ್ರ. ಹಾಗಾಗಿ ಗೆಳೆಯನ ಮದುವೆ ಗೊತ್ತಾದಾಗ ಬಸವನಗುಡಿಯ ಹೊಸ ಮನೆಗೆ ಕರೆ ಬರೋದು ಅವನಿಗೇ. ಜಗಲಿಯಲ್ಲಿ ಕೂತು, ಮದುಮಗಳ ಕೈ ಹಿಡಿದು, ಹಸಿರು ಬಳೆ ಒಂದೊಂದಾಗಿ ನೋಯದ ಹಾಗೆ ಏರಿಸ್ತಾನೆ. ಒಳಗಿನ ಬಾಗಿಲ ಹತ್ತಿರ ಗೆಳೆಯ ನಿಂತಿದ್ದಾನೆ, ಕಣ್ಣೆತ್ತಲ್ಲ. ಕೊನೆಗೆ ಗುಮಾಸ್ತರ ಹೆಂಡತಿ ತಟ್ಟೆಯಲ್ಲಿ ಎಲೆ ಅಡಿಕೆ, ಅದರ ಮೇಲೆ ದುಡ್ಡು ಇಟ್ಟು ತರ್ತಾರೆ.

ಅವನು ಆ ದುಡ್ಡು ತಗೋತಾನೋ ಇಲ್ಲವೋ ಅನ್ನೋದು ಬರೆಯುವವರಿಗೆ ಬಿಟ್ಟದ್ದು. ಸಿನಿಮಾದವರಾದರೆ ತಟ್ಟೆ ಹಾಗೇ ಬಿಟ್ಟು, ಖಾಲಿ ಮಲಾರ ಹೆಗಲಿಗೇರಿಸಿ, ಹಿಂದೆ ತಿರುಗದೆ ನಡೆಸಿಬಿಡ್ತಾರೆ. ನನ್ನನ್ನ ಕೇಳಿದರೆ ತಗೋಬೇಕು, ಎಣಿಸಿಯೇ ತಗೋಬೇಕು. ಬಳೇಪೇಟೆಯ ಅಂಗಡಿಗೆ ತಿಂಗಳ ಬಾಡಿಗೆ ಕಟ್ಟೋದಿದೆ.